ಬೆಲ್ಟ್ ಮೊದಲು, ಲ್ಯಾಪ್‌ಟಾಪ್ ಆಮೇಲೆ

"ಎರಡು ಡಿಗ್ರಿ ಅಡ್ವಾನ್ಸ್ ಕೊಟ್ಟರೆ ಪಿಕಪ್ ಸರಿಹೋಗುತ್ತೆ ಅಂತಿದ್ದಾರೆ ಗಾಡಿಯವರು. ಕೊಡಲಾ ಅಣ್ಣಾ?"

"ಬೇಡಮ್ಮ. ಮೊದಲು ಬೆಲ್ಟ್ ಕವರ್ ಬಿಚ್ಚೋಣ."

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಿಗೆ ಕೂಗಳತೆ ದೂರದ ಗ್ಯಾರೇಜಿನಲ್ಲಿ ನಡೆದ ಮಾತಿದು. ಕೇಳಿದವರು ವಾರವೆಲ್ಲ ಇಸಿಯು ಕ್ಯಾಲಿಬ್ರೇಷನ್ ಮಾಡುವ ಯುವ ಎಂಜಿನಿಯರ್. ಉತ್ತರ ಕೊಟ್ಟವರು ಕಾರ್ಬ್ಯುರೇಟರ್ ಕಾಲದಿಂದ ಎಂಜಿನ್ ಬಿಚ್ಚಿ ಕಟ್ಟುತ್ತ ಬಂದ ಮೇಸ್ತ್ರಿ. ಮುಂದೆ ನಿಂತಿದ್ದದ್ದು ಒಂದು ಹಳೆಯ ಮಿತ್ಸುಬಿಷಿ ಲ್ಯಾನ್ಸರ್ ಇವೊಲ್ಯೂಷನ್. ಅದರ 4ಜಿ63 ಎಂಜಿನ್ ಟರ್ಬೊ ಪ್ರಿಯರಿಗೆ ಪರಿಚಯ ಬೇಡದ್ದು: 85 ಮಿ.ಮೀ. ಬೋರ್, 88 ಮಿ.ಮೀ. ಸ್ಟ್ರೋಕ್, 1,997 ಸಿಸಿ, ಎರಕದ ಕಬ್ಬಿಣದ ಬ್ಲಾಕ್. 1996ರಿಂದ 1999ರವರೆಗೆ ಟೊಮಿ ಮ್ಯಾಕಿನೆನ್ ಸತತ ನಾಲ್ಕು ಸಲ ವಿಶ್ವ ರ‍್ಯಾಲಿ ಚಾಂಪಿಯನ್ ಆದದ್ದು ಇದೇ ಎಂಜಿನ್ನಿನ ಕಾರುಗಳಲ್ಲಿ. ಈ ಗಾಡಿಗೆ ಹೆಡ್ ಫೇಸಿಂಗ್ ಮಾಡಿಸಿ, ಹೊಸ ಗ್ಯಾಸ್ಕೆಟ್ ಮತ್ತು ಟೈಮಿಂಗ್ ಬೆಲ್ಟ್ ಹಾಕಿಸಿದ್ದು ಬೇರೆ ಕಡೆ. ಅಂದಿನಿಂದ ಬೂಸ್ಟ್ ತಡವಾಗಿ ಬರುತ್ತಿದೆ, ಐಡ್ಲಿಂಗ್‌ನಲ್ಲಿ ವ್ಯಾಕ್ಯೂಮ್ ಕಡಿಮೆ, ಗಾಡಿ ಎಳೆಯುತ್ತಿಲ್ಲ.

"ಲಾಗ್‌ನಲ್ಲಿ ನಾಕಿಂಗ್ ಒಂದಿಷ್ಟೂ ಇಲ್ಲ. ಅಂದರೆ ಅಡ್ವಾನ್ಸ್ ಕೊಡೋಕೆ ಜಾಗ ಇದೆ ಅಂತಲ್ವಾ?" ಎಂಜಿನಿಯರ್ ಬಿಡಲಿಲ್ಲ.

"ನಾಕಿಂಗ್ ಯಾಕಿಲ್ಲ ಅನ್ನೋದು ಮೊದಲು ಗೊತ್ತಾಗಲಿ. ಸಿಲಿಂಡರಿಗೆ ಗಾಳಿಯೇ ಸರಿಯಾಗಿ ತುಂಬದಿದ್ದರೂ ನಾಕಿಂಗ್ ಇರಲ್ಲ."

ಇಡೀ ವಿಷಯದ ತಿರುಳು ಈ ಒಂದು ಮಾತಿನಲ್ಲಿದೆ. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಒಮ್ಮೆಗೇ ಸಿಡಿಯುವುದಿಲ್ಲ. ಪ್ಲಗ್ಗಿನ ತುದಿಯ ಕಿಡಿ ಜ್ವಾಲೆಯಾಗಿ ಸಿಲಿಂಡರಿನ ಅಂಚಿಗೆ ಹರಡಲು ಸ್ವಲ್ಪ ಹೊತ್ತು ಬೇಕು. 6,000 ಆರ್‌ಪಿಎಂನಲ್ಲಿ ಒಂದೇ ಮಿಲಿಸೆಕೆಂಡಿಗೆ ಕ್ರ್ಯಾಂಕ್ 36 ಡಿಗ್ರಿ ತಿರುಗಿಬಿಟ್ಟಿರುತ್ತದೆ. ಆದ್ದರಿಂದ ಪಿಸ್ಟನ್ ತನ್ನ ಮೇಲಿನ ತುದಿ, ಅಂದರೆ ಟಿಡಿಸಿ, ಮುಟ್ಟುವ ಮೊದಲೇ ಕಿಡಿ ಹಾರಬೇಕು. ಒಳಗಿನ ಒತ್ತಡ ಟಿಡಿಸಿ ದಾಟಿ ಸುಮಾರು 12ರಿಂದ 16 ಡಿಗ್ರಿಯಾದಾಗ ಶಿಖರಕ್ಕೆ ಬಂದರೆ ಕ್ರ್ಯಾಂಕಿಗೆ ಹೆಚ್ಚಿನ ಬಲ ಸಿಗುತ್ತದೆ. ಟರ್ಬೊ ಇಲ್ಲದ ಎಂಜಿನ್ನಿಗೆ ಪೂರ್ತಿ ಥ್ರಾಟಲ್‌ನಲ್ಲಿ, ಮೇಲಿನ ವೇಗದಲ್ಲಿ, 28ರಿಂದ 32 ಡಿಗ್ರಿ ಅಡ್ವಾನ್ಸ್ ಸಾಮಾನ್ಯ. ಟರ್ಬೊ ಒತ್ತಿ ತುಂಬಿದ ದಟ್ಟ ಮಿಶ್ರಣ ಬೇಗ ಉರಿಯುತ್ತದೆ. ಜ್ವಾಲೆ ತಲುಪುವ ಮುನ್ನವೇ ಅಂಚಿನಲ್ಲಿ ಉಳಿದ ಮಿಶ್ರಣ ತಾನಾಗಿ ಹೊತ್ತಿಕೊಳ್ಳುವ ಅಪಾಯವೂ ಹೆಚ್ಚು, ಅದೇ ನಾಕಿಂಗ್. ಬೂಸ್ಟ್ ಏರಿದಂತೆ ಅಡ್ವಾನ್ಸ್ ಇಳಿಸಬೇಕಾದದ್ದು ಇದಕ್ಕೇ. ಒಂದು ಪಿಎಸ್‌ಐಗೆ ಒಂದು ಡಿಗ್ರಿ ಎಂಬುದು ಟ್ಯೂನರ್‌ಗಳ ಹಳೆಯ ಸ್ಥೂಲ ಲೆಕ್ಕ.

ಕವರ್ ಬಿಚ್ಚಿ, ಒಂದನೇ ಸಿಲಿಂಡರನ್ನು ಕಂಪ್ರೆಷನ್ ಟಿಡಿಸಿಗೆ ತಂದು ನೋಡಿದರೆ ಎರಡೂ ಕ್ಯಾಮ್ ಪುಲ್ಲಿಗಳ ಗುರುತು ಒಂದು ಹಲ್ಲು ಹಿಂದಿತ್ತು. ಸರಿಯಾಗಿದ್ದಿದ್ದರೆ ಕ್ಯಾಮ್‌ಗಳ ಡೋವೆಲ್ ಪಿನ್ನುಗಳು ನೇರ ಮೇಲ್ಮುಖವಾಗಿ ನಿಲ್ಲಬೇಕಿತ್ತು.

"ಒಂದು ಹಲ್ಲು ಅಂದರೆ ಸಣ್ಣದಲ್ಲಮ್ಮ. ಕ್ಯಾಮ್ ಪುಲ್ಲಿಗೆ 48 ಹಲ್ಲು ಅಂತಿಟ್ಟುಕೊಂಡರೆ ಒಂದಕ್ಕೆ ಏಳೂವರೆ ಡಿಗ್ರಿ. ಕ್ಯಾಮ್ ಒಂದು ಸುತ್ತು ಬರುವಷ್ಟರಲ್ಲಿ ಕ್ರ್ಯಾಂಕ್ ಎರಡು ಸುತ್ತು ಬರುತ್ತೆ. ಹಾಗಾಗಿ ಕ್ರ್ಯಾಂಕ್ ಲೆಕ್ಕದಲ್ಲಿ 15 ಡಿಗ್ರಿ."

"ಇಂಟೇಕ್ ವಾಲ್ವ್ 15 ಡಿಗ್ರಿ ತಡವಾಗಿ ಮುಚ್ಚುತ್ತಿದೆ. ಪಿಸ್ಟನ್ ಮೇಲೆ ಬರುವಾಗ ಒಳಗೆ ಬಂದ ಗಾಳಿಯನ್ನೇ ವಾಪಸ್ ಮ್ಯಾನಿಫೋಲ್ಡಿಗೆ ತಳ್ಳುತ್ತಿದೆ. ಕೆಳಗಿನ ಆರ್‌ಪಿಎಂನಲ್ಲಿ ಸಿಲಿಂಡರ್ ತುಂಬುತ್ತಿಲ್ಲ, ಎಕ್ಸಾಸ್ಟ್ ಗ್ಯಾಸ್ ಕಡಿಮೆ, ಟರ್ಬೊ ತಡ," ಎಂದು ಎಂಜಿನಿಯರ್ ತಾವೇ ಪೂರ್ತಿ ಮಾಡಿದರು. ಕ್ಷಣ ತಡೆದು ಕೇಳಿದರು: "ಆದರೂ ಕ್ಯಾಮ್ ಹಿಂದೆ ಬಿದ್ದದ್ದನ್ನು ಇಗ್ನಿಷನ್ ಮುಂದೆ ತಂದು ಸರಿದೂಗಿಸಬಹುದಿತ್ತಲ್ಲ?"

"ಸರಿದೂಗುತ್ತೆ. ಅಪಾಯ ಇರೋದೇ ಅಲ್ಲಿ. ಹಿಂದೊಂದು ಗಾಡಿ ಹೀಗೇ ಬಂದಿತ್ತು. ಕ್ಯಾಮ್ ತಪ್ಪಿದ್ದು ಯಾರಿಗೂ ಗೊತ್ತಿಲ್ಲ. ಮ್ಯಾಪಿನಲ್ಲಿ ಅಡ್ವಾನ್ಸ್ ಏರಿಸಿ ಓಡಿಸಿದ್ದರು, ಚೆನ್ನಾಗೇ ಓಡಿತು. ಮುಂದೆ ಬೆಲ್ಟ್ ಬದಲಿಸೋ ಕಾಲ ಬಂತು. ಬದಲಿಸಿದವನು ಕೆಲಸ ಬಲ್ಲವನು, ಗುರುತಿಗೆ ಸರಿಯಾಗಿ ಕೂರಿಸಿದ. ಮ್ಯಾಪ್ ಮಾತ್ರ ಹಳೇದೇ. ಸಿಲಿಂಡರ್ ಈಗ ಪೂರ್ತಿ ತುಂಬತೊಡಗಿತು, ಕಿಡಿ ಮೊದಲಿನಷ್ಟೇ ಮುಂಚೆ ಹಾರುತ್ತಿತ್ತು. ಮೂರನೇ ಪಿಸ್ಟನ್ನಿನಲ್ಲಿ ರಿಂಗ್ ಕೂರೋ ಅಂಚೇ ಮುರಿದು ಬಿತ್ತು. ಬೈಸಿಕೊಂಡವನು ಯಾರು? ಬೆಲ್ಟ್ ಸರಿಯಾಗಿ ಹಾಕಿದವನು."

ಎರಡು ಟೈಮಿಂಗ್‌ಗಳು ಒಂದರ ತಪ್ಪನ್ನು ಇನ್ನೊಂದು ಮುಚ್ಚಿಡಬಲ್ಲವು. ಟರ್ಬೊ ಎಂಜಿನ್ನಿನಲ್ಲಿ ಇದು ಇನ್ನೂ ಅಪಾಯಕರ. ಏಕೆಂದರೆ ಅಲ್ಲಿ ಎರಡು ಡಿಗ್ರಿ ಹೆಚ್ಚಾದರೂ ಪಿಸ್ಟನ್ ತಾಳುವ ಒತ್ತಡದ ಮಿತಿ ಮೀರಬಹುದು. 1990ರ ಸುಮಾರಿನ ಕೆಲವು 4ಜಿ63ಗಳಲ್ಲಿ ಕ್ರ್ಯಾಂಕಿನ ಕೋನ ಹೇಳುವ ಸೆನ್ಸರನ್ನು ತಿರುಗಿಸುವುದೂ ಕ್ಯಾಮೇ. ಅಲ್ಲಿ ಬೆಲ್ಟ್ ಒಂದು ಹಲ್ಲು ಜಾರಿದರೆ ಕಿಡಿಯೂ ಜೊತೆಗೇ ಜಾರುತ್ತದೆ.

ಹಾಗಾಗಿ ಮೇಸ್ತ್ರಿ ಕೆಲಸವನ್ನು ಬುಡದಿಂದ ಶುರುಮಾಡಿದರು. ಮೊದಲು ನಿಜವಾದ ಟಿಡಿಸಿ ಎಲ್ಲಿದೆ ಎಂದು ಹುಡುಕಬೇಕು.

"ಪುಲ್ಲಿ ಮೇಲೆ ಗುರುತಿದೆಯಲ್ಲ ಅಣ್ಣಾ?"

"ಆ ಪುಲ್ಲಿಯ ಹೊರ ಉಂಗುರ ರಬ್ಬರಿನ ಮೇಲೆ ಕೂತಿರುತ್ತೆ. ವಯಸ್ಸಾದರೆ ರಬ್ಬರ್ ಜಾರುತ್ತೆ, ಗುರುತೂ ಅದರ ಜೊತೆ ಹೋಗುತ್ತೆ. ನೋಡು."

ಒಂದನೇ ಪ್ಲಗ್ ಬಿಚ್ಚಿ ಆ ತೂತಿಗೆ ಪಿಸ್ಟನ್ ಸ್ಟಾಪ್ ತಿರುಗಿಸಿದರು. ಪಿಸ್ಟನ್ ಪೂರ್ತಿ ಮೇಲೆ ಬಾರದಂತೆ ತಡೆಯುವ ಮೊಂಡು ಬೋಲ್ಟ್ ಅದು. ಕ್ರ್ಯಾಂಕಿನ ಮೂತಿಗೆ ಡಿಗ್ರಿ ವೀಲ್ ಕಟ್ಟಿ, ತಂತಿಯ ಮುಳ್ಳೊಂದನ್ನು ಅದರ ಅಂಚಿಗೆ ಬಾಗಿಸಿ ನಿಲ್ಲಿಸಿದರು. ಕೈಯಿಂದ ಮೆಲ್ಲಗೆ ಒಂದು ಕಡೆ ತಿರುಗಿಸಿ ಪಿಸ್ಟನ್ ತಡೆದಲ್ಲಿ ಒಂದು ಗೆರೆ, ಹಿಮ್ಮುಖ ತಿರುಗಿಸಿ ತಡೆದಲ್ಲಿ ಇನ್ನೊಂದು ಗೆರೆ. ಎರಡರ ನಟ್ಟನಡುವೆ ಟಿಡಿಸಿ. ತುದಿಯ ಹತ್ತಿರ ಕ್ರ್ಯಾಂಕ್ ಕೆಲವು ಡಿಗ್ರಿ ತಿರುಗಿದರೂ ಪಿಸ್ಟನ್ ಅಲುಗಾಡಿದ್ದು ಕಾಣುವುದೇ ಇಲ್ಲ. ಪ್ಲಗ್ ತೂತಿಗೆ ಸ್ಕ್ರೂಡ್ರೈವರ್ ಇಳಿಬಿಟ್ಟು ಅಂದಾಜಿಗೆ ಟಿಡಿಸಿ ಹಿಡಿಯುವವರು ತಪ್ಪುವುದು ಇಲ್ಲೇ. ಈ ಗಾಡಿಯ ಪುಲ್ಲಿ ಗುರುತು ಅದೃಷ್ಟಕ್ಕೆ ಸರಿಯಾಗಿಯೇ ಇತ್ತು.

ಬೆಲ್ಟ್ ಕೂರಿಸುವಾಗ 4ಜಿ63 ಇನ್ನೊಂದು ಪರೀಕ್ಷೆ ಒಡ್ಡುತ್ತದೆ. ಆಯಿಲ್ ಪಂಪಿನ ಪುಲ್ಲಿ ಒಂದು ಬ್ಯಾಲೆನ್ಸ್ ಶಾಫ್ಟನ್ನೂ ತಿರುಗಿಸುತ್ತದೆ. ಪುಲ್ಲಿಯ ಗುರುತು ಕೂಡಿದ್ದರೂ ಒಳಗೆ ಶಾಫ್ಟ್ ತಲೆಕೆಳಗಾಗಿರಬಹುದು. ಅದಕ್ಕೆ ಬ್ಲಾಕಿನ ಪಕ್ಕದ ಪ್ಲಗ್ ಬಿಚ್ಚಿ 8 ಮಿ.ಮೀ. ದಪ್ಪದ ಸ್ಕ್ರೂಡ್ರೈವರ್ ತೂರಿಸಿ ನೋಡಬೇಕು. 60 ಮಿ.ಮೀ. ಒಳಹೋದರೆ ಸರಿ, 20–25 ಮಿ.ಮೀ.ಗೇ ತಡೆದರೆ ಪುಲ್ಲಿಯನ್ನು ಇನ್ನೊಂದು ಸುತ್ತು ತಿರುಗಿಸಿ ಕೂಡಿಸಬೇಕು. ತಪ್ಪಿದರೆ ಎಂಜಿನ್ ನಡುಗುತ್ತದೆ, ಆ ಸದ್ದನ್ನು ನಾಕ್ ಸೆನ್ಸರ್ ನಾಕಿಂಗ್ ಎಂದೇ ತಿಳಿಯಬಹುದು. ಬೆಲ್ಟ್ ಬಿಗಿಯಾದ ಮೇಲೆ ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ 15 ನಿಮಿಷ ಹಾಗೇ ಬಿಟ್ಟು, ಟೆನ್ಷನರಿನ ಕಡ್ಡಿ 3.8ರಿಂದ 4.5 ಮಿ.ಮೀ. ಹೊರಗಿದೆಯೇ ಎಂದು ಅಳೆದರು. ಬೆಲ್ಟ್ ತುಂಡಾದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿಯುವ ಎಂಜಿನ್ ಇದು. ಆ 15 ನಿಮಿಷ ಉಳಿಸಲು ಹೋಗುವುದು ಬುದ್ಧಿವಂತಿಕೆಯಲ್ಲ.

"ಈಗ ಹಲ್ಲು ಕೂಡಿತು. ಡಿಗ್ರಿ?"

"ಕೂಡಿರಲ್ಲ. ಹೆಡ್ ಫೇಸಿಂಗ್ ಮಾಡಿಸಿದಾರೆ. ಹೆಡ್ ಕೆಳಗಿಳಿದಷ್ಟೂ ಕ್ಯಾಮ್ ಹಿಂದೆ ಬೀಳುತ್ತೆ. ಕಾಲು ಮಿ.ಮೀ. ತೆಗೆದರೆ ಕ್ರ್ಯಾಂಕ್ ಲೆಕ್ಕದಲ್ಲಿ ಹೆಚ್ಚುಕಮ್ಮಿ ಅರ್ಧ ಡಿಗ್ರಿ. ಪುಲ್ಲಿ, ಕ್ಯಾಮ್ ತಯಾರಿಕೆಯಲ್ಲೂ ಅಷ್ಟಿಷ್ಟು ವ್ಯತ್ಯಾಸ ಇರುತ್ತೆ."

ಇಂಟೇಕ್ ವಾಲ್ವಿನ ಮೇಲಿನ ತಟ್ಟೆಗೆ ಡಯಲ್ ಗೇಜಿನ ತುದಿ ತಾಗಿಸಿದರು. ಈ ಎಂಜಿನ್ನಿನಲ್ಲಿ ವಾಲ್ವ್ ಕ್ಲಿಯರೆನ್ಸ್ ನೋಡಿಕೊಳ್ಳುವುದು ಆಯಿಲ್ ಒತ್ತಡದ ಅಡ್ಜಸ್ಟರ್‌ಗಳು. ನಿಂತ ಎಂಜಿನ್ನಿನಲ್ಲಿ ಅವು ಕುಸಿದು ಅಳತೆ ಕೆಡಿಸುತ್ತವೆ. ಅದಕ್ಕೆ ಅಳೆಯುವ ಮಟ್ಟಿಗೆ ಅವುಗಳ ಜಾಗದಲ್ಲಿ ಗಟ್ಟಿ ಉಕ್ಕಿನ ತುಂಡುಗಳನ್ನು ಕೂರಿಸಿದ್ದರು. ವಾಲ್ವ್ ಪೂರ್ತಿ ತೆರೆದ ಬಿಂದುವಿಗಿಂತ 1 ಮಿ.ಮೀ. ಕಡಿಮೆ ಇದ್ದಾಗ, ಏರುವ ಕಡೆ ಡಿಗ್ರಿ ವೀಲ್ ತೋರಿಸಿದ್ದು ಟಿಡಿಸಿ ನಂತರ 74. ಇಳಿಯುವ ಕಡೆ ಅದೇ 1 ಮಿ.ಮೀ.ಗೆ 152.

"74 ಕೂಡಿಸು 152, ಭಾಗಿಸು ಎರಡು; 113. ಕ್ಯಾಮ್ ಕಾರ್ಡ್‌ನಲ್ಲಿ 110 ಅಂತಿದೆ. ಮೂರು ಡಿಗ್ರಿ ಹಿಂದಿದೆ," ಎಂಜಿನಿಯರ್ ಲೆಕ್ಕ ಮುಗಿಸಿದರು.

"ಅಡ್ಜಸ್ಟ್ ಮಾಡೋ ಪುಲ್ಲಿ ಹಾಕಿದೆ, ತಿರುಗಿಸೋಣ. ಅದರ ಮೇಲಿನ ಗೆರೆ ಕ್ಯಾಮ್ ಡಿಗ್ರಿಯೋ ಕ್ರ್ಯಾಂಕ್ ಡಿಗ್ರಿಯೋ ಅಂತ ಕೇಳಿ ತಿಳಿದುಕೊಂಡು ತಿರುಗಿಸಬೇಕು. ತಿರುಗಿಸಿದ ಮೇಲೆ ಮತ್ತೆ ಅಳೀಬೇಕು. ಗೆರೆ ನೋಡಿ ಆಯ್ತು ಅನ್ನೋ ಹಾಗಿಲ್ಲ."

ಕಾರ್ಡಿನ ಅಂಕಿಯೇ ಕೊನೆಯ ಮಾತೂ ಅಲ್ಲ. ಇಂಟೇಕ್ ಕ್ಯಾಮನ್ನು ಮುಂದೆ ತಂದರೆ ವಾಲ್ವ್ ಬೇಗ ಮುಚ್ಚುತ್ತದೆ, ಕೆಳಗಿನ ಎಳೆತ ಹೆಚ್ಚುತ್ತದೆ, ನಾಕಿಂಗ್ ಹತ್ತಿರವಾಗುತ್ತದೆ. ಹಿಂದೆ ತಂದರೆ ಲಾಭ ಮೇಲಿನ ಆರ್‌ಪಿಎಂಗೆ. ವಿಶ್ವ ರ‍್ಯಾಲಿಯ ಗ್ರೂಪ್ ಎ ಕಾರುಗಳಿಗೆ ಟರ್ಬೊ ಮುಂದೆ 34 ಮಿ.ಮೀ. ರಿಸ್ಟ್ರಿಕ್ಟರ್ ಕಡ್ಡಾಯವಿತ್ತು. ಗಾಳಿಯ ಒಟ್ಟು ಪ್ರಮಾಣಕ್ಕೇ ಮಿತಿ ಬಿದ್ದ ಮೇಲೆ ಮೇಲಿನ ಆರ್‌ಪಿಎಂ ಬೆನ್ನು ಹತ್ತಿ ಫಲವಿಲ್ಲ. ಅಂಥ ಎಂಜಿನ್ನನ್ನು ನಡುಭಾಗದ ಎಳೆತಕ್ಕೇ ಟ್ಯೂನ್ ಮಾಡುತ್ತಾರೆ.

"ಓವರ್‌ಲ್ಯಾಪ್ ಎಷ್ಟಿಡೋಣ?" ಎಂದು ಎಂಜಿನಿಯರ್ ಕೇಳಿದ್ದು ಟರ್ಬೊ ಎಂಜಿನ್ನಿನ ನಿಜವಾದ ಕಗ್ಗಂಟು. ಎಕ್ಸಾಸ್ಟ್ ವಾಲ್ವ್ ಮುಚ್ಚುವ ಮುನ್ನ ಇಂಟೇಕ್ ವಾಲ್ವ್ ತೆರೆದು, ಎರಡೂ ಒಟ್ಟಿಗೆ ತೆರೆದಿರುವ ಅವಧಿ ಅದು. ಸಣ್ಣ ಟರ್ಬೊಗಳಲ್ಲಿ ಜೋರಾಗಿ ಓಡುವಾಗ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಒತ್ತಡ ಇಂಟೇಕ್ ಕಡೆಗಿಂತ ಹೆಚ್ಚಿರುತ್ತದೆ. ಆಗ ಉರಿದ ಬಿಸಿ ಗ್ಯಾಸ್ ಹಿಮ್ಮುಖವಾಗಿ ಸಿಲಿಂಡರಿಗೆ ನುಗ್ಗಿ, ಹೊಸ ಮಿಶ್ರಣವನ್ನು ಕಾಯಿಸಿ, ನಾಕಿಂಗಿಗೆ ದಾರಿ ಮಾಡುತ್ತದೆ. ದೊಡ್ಡ ಟರ್ಬೊದಲ್ಲಿ ಬೂಸ್ಟೇ ಹೆಚ್ಚಿದ್ದರೆ ಅದೇ ಓವರ್‌ಲ್ಯಾಪ್ ಸಿಲಿಂಡರನ್ನು ತೊಳೆದು ಸ್ವಚ್ಛ ಮಾಡುತ್ತದೆ. ನೇರ ಇಂಜೆಕ್ಷನ್ನಿನ ಇಂದಿನ ಎಂಜಿನ್‌ಗಳು ಕೆಳಗಿನ ಆರ್‌ಪಿಎಂನಲ್ಲಿ ಬೇಕೆಂದೇ ಓವರ್‌ಲ್ಯಾಪ್ ಹೆಚ್ಚಿಸಿ ಟರ್ಬೊವನ್ನು ಬೇಗ ಎಬ್ಬಿಸುತ್ತವೆ. ಪೆಟ್ರೋಲ್ ಸಿಂಪಡಿಸುವುದು ಎಕ್ಸಾಸ್ಟ್ ವಾಲ್ವ್ ಮುಚ್ಚಿದ ಮೇಲಾದ್ದರಿಂದ ಅದು ಸೈಲೆನ್ಸರಿನ ಕಡೆ ಪೋಲಾಗುವುದಿಲ್ಲ. 4ಜಿ63ಕ್ಕೆ ಇಂಟೇಕ್ ಕ್ಯಾಮ್ ತಾನೇ ಹಿಂದೆ ಮುಂದೆ ಸರಿಯುವ ಮೈವೆಕ್ ಬಂದದ್ದು 2005ರ ಇವೊಲ್ಯೂಷನ್ 9ರಲ್ಲಿ. ಈ ಗಾಡಿ ಅದಕ್ಕಿಂತ ಹಳೆಯದು.

"ಎಕ್ಸಾಸ್ಟ್ ಕ್ಯಾಮ್ ಕಾರ್ಡಿನಲ್ಲಿ ಇದ್ದಂತೇ ಇರಲಿ," ಎಂದರು ಮೇಸ್ತ್ರಿ. "ಡೈನೋ ಮೇಲೆ ಒಂದೊಂದೇ ಡಿಗ್ರಿ ಸರಿಸಿ ನೋಡೋಣ. ವಾಲ್ವಿಗೂ ಪಿಸ್ಟನ್ನಿಗೂ ಎಷ್ಟು ಸಂದು ಇದೆ ಅಂತ ಅಳೀದೇ ಇಂಟೇಕ್ ಕ್ಯಾಮನ್ನು ಮಾತ್ರ ಇನ್ನೂ ಮುಂದೆ ತರಬೇಡ."

ಆಮೇಲೆ ಇಗ್ನಿಷನ್. ಇಲ್ಲಿಂದ ಮಾತು ಎಂಜಿನಿಯರ್ ಕೈಗೆ ಬಂತು. ಇಸಿಯುವಿನಲ್ಲಿ ಟೈಮಿಂಗನ್ನು 10 ಡಿಗ್ರಿಗೆ ಲಾಕ್ ಮಾಡಿ, ಒಂದನೇ ಪ್ಲಗ್ಗಿನ ವೈರಿಗೆ ಟೈಮಿಂಗ್ ಲೈಟಿನ ಕ್ಲಿಪ್ ಹಾಕಿ, "ಪುಲ್ಲಿ ಮೇಲೆ ಎಷ್ಟು ಕಾಣುತ್ತೆ ಅಣ್ಣಾ?" ಎಂದರು.

"ಆರು."

"ನಾನು ಹತ್ತು ಕೇಳಿದೀನಿ, ಎಂಜಿನ್ ಆರು ಕೊಡ್ತಿದೆ. ಅಂದರೆ ಮ್ಯಾಪಿನಲ್ಲಿರೋ ಒಂದೊಂದು ಅಂಕಿಯೂ ನಾಲ್ಕು ಡಿಗ್ರಿ ಸುಳ್ಳು."

ಸೆನ್ಸರಿನ ಆಫ್‌ಸೆಟ್ ತಿದ್ದಿದ ಮೇಲೆ ಹತ್ತಕ್ಕೆ ಹತ್ತು ಬಂತು. ಅಷ್ಟಕ್ಕೇ ಬಿಡದೆ 4,000 ಆರ್‌ಪಿಎಂಗೆ ಏರಿಸಿದರು. ಅಲ್ಲೂ ಗುರುತು ಅಲುಗಾಡದಿದ್ದರೆ ಮಾತ್ರ ಸೆನ್ಸರಿನ ಸಂಕೇತವನ್ನು ಇಸಿಯು ಸರಿಯಾಗಿ ಓದುತ್ತಿದೆ ಎಂದರ್ಥ. ವೇಗ ಏರಿದಂತೆ ಗುರುತು ಸರಿದರೆ ಸೆನ್ಸರಿನ ವೈರಿಂಗೋ ವಿಳಂಬದ ಲೆಕ್ಕವೋ ತಪ್ಪಿದೆ. ಇಂಥ ಎಂಜಿನ್‌ಗಳಲ್ಲಿ 1–4, 2–3 ಸಿಲಿಂಡರುಗಳಿಗೆ ಒಂದೊಂದು ಕಾಯಿಲ್ ಇದ್ದು, ಪ್ರತಿ ಸುತ್ತಿಗೂ ಕಿಡಿ ಹಾರುತ್ತದೆ. ಡಯಲ್ ತಿರುಗಿಸುವ ಕೆಲವು ಟೈಮಿಂಗ್ ಲೈಟ್‌ಗಳು ಅದರಿಂದ ಗೊಂದಲಗೊಂಡು ತಪ್ಪು ಅಂಕಿ ತೋರಿಸುತ್ತವೆ. ಡಯಲನ್ನು ಸೊನ್ನೆಗಿಟ್ಟು ಪುಲ್ಲಿಯ ಗೆರೆಯನ್ನೇ ಓದುವುದು ಕ್ಷೇಮ.

ಡೈನೋಗೆ ಹೋಗುವ ಮುನ್ನ ಪ್ಲಗ್ ಗ್ಯಾಪ್ 0.6 ಮಿ.ಮೀ.ಗೆ ಇಳಿಸಿದರು, ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಎಂಜಿನಿಯರ್ ಬರೆದ ಮೊದಲ ಮ್ಯಾಪಿನಲ್ಲಿ 1 ಬಾರ್ ಬೂಸ್ಟಿಗೆ, ಟಾರ್ಕ್ ಶಿಖರದಲ್ಲಿರುವ 3,500 ಆರ್‌ಪಿಎಂ ಆಸುಪಾಸು ಎಂಟೇ ಡಿಗ್ರಿ. ಅಲ್ಲಿಂದ ಮೆಲ್ಲಗೆ ಏರಿ 7,000ಕ್ಕೆ 16.

"ಇಷ್ಟು ಕಡಿಮೆಯಾ?" ಈಗ ಕೇಳುವ ಸರದಿ ಮೇಸ್ತ್ರಿಯದು.

"ಶುರುವಿಗೆ ಅಷ್ಟು ಸಾಕು. ಸಿಲಿಂಡರ್ ಜಾಸ್ತಿ ತುಂಬೋದು ಟಾರ್ಕ್ ಶಿಖರದಲ್ಲೇ, ನಾಕಿಂಗ್ ಭಯವೂ ಅಲ್ಲೇ. ಒಂದೊಂದು ಡಿಗ್ರಿ ಏರಿಸ್ತೀನಿ. ಟಾರ್ಕ್ ಏರೋದು ನಿಂತರೆ ನಾನೂ ನಿಲ್ಲಿಸ್ತೀನಿ. ಅದಕ್ಕೂ ಮೊದಲೇ ನಾಕಿಂಗ್ ಬಂದರೆ ಎರಡು ಡಿಗ್ರಿ ಹಿಂದೆ. ಬಂಕಿನ ಪೆಟ್ರೋಲಿನಲ್ಲಿ ಬೂಸ್ಟ್ ಇಟ್ಟಾಗ ಸಾಮಾನ್ಯವಾಗಿ ನಾಕಿಂಗೇ ಮೊದಲು ಬರೋದು."

"ಹಾಗಂತ ತೀರಾ ಹಿಂದೆ ಇಟ್ಟರೂ ಕಷ್ಟ ಅಲ್ವಾ?"

"ಹೌದು. ತಡವಾಗಿ ಹೊತ್ತಿದ್ದು ಎಕ್ಸಾಸ್ಟ್ ವಾಲ್ವ್ ತೆರೆದಾಗಲೂ ಉರೀತಿರುತ್ತೆ. ಗ್ಯಾಸ್ 900 ಡಿಗ್ರಿ ಸೆಲ್ಸಿಯಸ್ ದಾಟುತ್ತೆ, ಟರ್ಬೈನ್ ಕೆಂಪಗಾಗುತ್ತೆ. ರ‍್ಯಾಲಿಯವರು ಆ್ಯಂಟಿ-ಲ್ಯಾಗ್‌ಗೆ ಬೇಕೆಂದೇ ಹೀಗೆ ಮಾಡ್ತಾರೆ, ಟರ್ಬೊ ಬೇಗ ಸವೆಯೋದನ್ನೂ ಒಪ್ಪಿಕೊಂಡೇ ಮಾಡ್ತಾರೆ."

ನಾಕಿಂಗ್ ಕೇಳಲು ಇಬ್ಬರ ಬಳಿಯೂ ಒಂದೊಂದು ಸಾಧನವಿತ್ತು. ಎಂಜಿನಿಯರ್ ಬಳಿ ನಾಕ್ ಸೆನ್ಸರಿನ ಗ್ರಾಫ್: 85 ಮಿ.ಮೀ. ಬೋರಿನ ಸಿಲಿಂಡರಿನಲ್ಲಿ ನಾಕಿಂಗ್ ಸದ್ದು ಸುಮಾರು 6.7 ಕಿಲೋಹರ್ಟ್ಜ್, ಫಿಲ್ಟರನ್ನು ಅಲ್ಲಿಗೇ ಇಟ್ಟಿದ್ದರು. ಸೆನ್ಸರಿನ ಬೋಲ್ಟನ್ನು ಅಳತೆ ಮೀರಿ ಬಿಗಿದರೂ ಸಡಿಲ ಬಿಟ್ಟರೂ ಅದು ಸರಿಯಾಗಿ ಕೇಳಿಸಿಕೊಳ್ಳದು. ಟಾರ್ಕ್ ರೆಂಚ್‌ನಲ್ಲಿ 20 ನ್ಯೂಟನ್ ಮೀಟರ್ ನೋಡಿಯೇ ಬಿಗಿಯಬೇಕು. ಮೇಸ್ತ್ರಿಯ ಬಳಿ ಒಂದು ತಾಮ್ರದ ನಳಿಕೆ. ಅದರ ತುದಿಯನ್ನು ಚಪ್ಪಟೆ ಬಡಿದು, ತೂತು ಕೊರೆದು ಬ್ಲಾಕಿಗೆ ಬೋಲ್ಟ್ ಮಾಡಿ, ಇನ್ನೊಂದು ತುದಿಯಿಂದ ರಬ್ಬರ್ ಪೈಪನ್ನು ಕಿವಿಯ ಮಫ್ಲರಿನೊಳಕ್ಕೆ ತಂದಿದ್ದರು. ಹನ್ನೊಂದನೇ ಡಿಗ್ರಿಯಲ್ಲಿ ಅವರು ಕೈ ಎತ್ತಿದರು. ಗ್ರಾಫಿನಲ್ಲಿ ಮುಳ್ಳು ಎದ್ದದ್ದೂ ಆಗಲೇ. ಒಂಬತ್ತಕ್ಕೆ ಇಳಿಸಿದರು. ಬಿಚ್ಚಿದ ಪ್ಲಗ್ಗಿನ ಬಿಳಿ ಪಿಂಗಾಣಿಯನ್ನು ಭೂತಗನ್ನಡಿಯಲ್ಲಿ ನೋಡಿದಾಗ ಅಲ್ಯೂಮಿನಿಯಂ ಚುಕ್ಕಿಗಳಿರಲಿಲ್ಲ. ಇದ್ದಿದ್ದರೆ ಪಿಸ್ಟನ್ ಆಗಲೇ ಕರಗತೊಡಗಿತ್ತು ಎಂದರ್ಥ.

ಟರ್ಬೊ ಕಾರುಗಳ ಚರಿತ್ರೆಯ ಬಹುಪಾಲು ನಾಕಿಂಗ್ ಜೊತೆಗಿನ ಹೋರಾಟವೇ. 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ 10.25:1 ಕಂಪ್ರೆಷನ್ನಿಗೆ ಟರ್ಬೊ ಜೋಡಿಸಿ, ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಸಿಂಪಡಿಸುತ್ತಿತ್ತು. ಆ ದ್ರವವನ್ನು ಮಾಲೀಕರೇ ತುಂಬಿಸಬೇಕಿತ್ತು. 1973ರ ಬಿಎಂಡಬ್ಲ್ಯು 2002 ಟರ್ಬೊ ಕಂಪ್ರೆಷನ್ನನ್ನೇ 6.9ಕ್ಕೆ ಇಳಿಸಿತು. ದಾರಿ ಬದಲಿಸಿದ್ದು ಸ್ವೀಡನ್ನಿನ ಸಾಬ್. 1980ರ ದಶಕದ ಆರಂಭದಲ್ಲಿ ಅದರ ಎಪಿಸಿ ವ್ಯವಸ್ಥೆ ಬ್ಲಾಕಿಗೆ ನಾಕ್ ಸೆನ್ಸರ್ ಕೂರಿಸಿ, ಸದ್ದು ಕೇಳಿದೊಡನೆ ಬೂಸ್ಟ್ ತಗ್ಗಿಸುವಂತೆ ಮಾಡಿತು. ಮುಂದೆ ಟ್ರೈಯಾನಿಕ್‌ನಲ್ಲಿ ಸ್ಪಾರ್ಕ್ ಪ್ಲಗ್ಗನ್ನೇ ಕಿವಿಯಾಗಿಸಿ, ಕಿಡಿಯ ನಂತರದ ಅಯಾನ್ ವಿದ್ಯುತ್ತನ್ನು ಅಳೆದು ನಾಕಿಂಗ್ ಹಿಡಿದರು. ಅದರಷ್ಟು ಸೊಗಸಾದ ಪರಿಹಾರ ಟರ್ಬೊ ಲೋಕದಲ್ಲಿ ಮತ್ತೊಂದಿಲ್ಲ.

"ಗಾಡಿಯವರು ಇದನ್ನು ಮಂಗಳೂರಿಗೆ ಓಡಿಸಿಕೊಂಡು ಹೋಗ್ತಾರಂತೆ," ಎಂದರು ಮೇಸ್ತ್ರಿ.

"ಹಾಗಾದರೆ ಇನ್ನೊಂದು ಕೆಲಸ ಬಾಕಿ ಇದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಹೆಚ್ಚು ಮೇಲೆ. ಇಲ್ಲಿ ಗಾಳಿಯ ಒತ್ತಡ ಸುಮಾರು 0.91 ಬಾರ್. ವೇಸ್ಟ್‌ಗೇಟಿನ ಸ್ಪ್ರಿಂಗ್ ಹೊರಗಿನ ಒತ್ತಡದ ಮೇಲೆ 1 ಬಾರ್ ಕೊಡುತ್ತೆ. ಇಲ್ಲಿ ಒಟ್ಟು 1.91 ಆದರೆ, ಘಾಟಿ ಇಳಿದ ಮೇಲೆ 2.01. ನಾವು ಇವತ್ತು ಮುಟ್ಟಿಯೇ ನೋಡದ ಮ್ಯಾಪಿನ ಸಾಲಿಗೆ ಎಂಜಿನ್ ಹೋಗುತ್ತೆ. ಕರಾವಳಿಯ ಸೆಕೆ ಬೇರೆ."

ಆ ಸಾಲಿನಲ್ಲಿ ಆಕೆ ಎರಡು ಡಿಗ್ರಿ ಕಡಿಮೆ ಬರೆದರು. ಬಿಸಿ ಗಾಳಿಗೆ ತಾನಾಗಿ ಅಡ್ವಾನ್ಸ್ ಇಳಿಯುವ ತಿದ್ದುಪಡಿಯನ್ನೂ ಸೇರಿಸಿದರು. ಎತ್ತರದಲ್ಲಿ ಟ್ಯೂನ್ ಆಗುವ ಬೆಂಗಳೂರಿನ ಗಾಡಿಗಳಿಗೆ ಇದು ಮರೆಯಬಾರದ ಹೆಜ್ಜೆ.

ಪೆಟ್ರೋಲಿನ ಮಾತೂ ಬಂತು. ಬಿಎಸ್-6ರ ಸಾಧಾರಣ ಪೆಟ್ರೋಲಿನ ಆಕ್ಟೇನ್ 91 ಇದ್ದದ್ದು 20% ಎಥನಾಲ್ ಬೆರೆತ ಇ20ಯಲ್ಲಿ 95. ಎಥನಾಲ್ ಆವಿಯಾಗುವಾಗ ಹೆಚ್ಚು ಶಾಖ ಹೀರಿ ಮಿಶ್ರಣವನ್ನು ತಂಪು ಮಾಡುವುದರಿಂದ ನಾಕಿಂಗ್ ಮಟ್ಟಿಗೆ ಅದು ಟರ್ಬೊಗೆ ಅನುಕೂಲವೇ. ಆದರೆ ಪೂರ್ತಿ ಉರಿಯಲು ಬೇಕಾದ ಗಾಳಿಯ ಪ್ರಮಾಣ 14.7:1ರಿಂದ ಸುಮಾರು 13.5:1ಕ್ಕೆ ಇಳಿಯುತ್ತದೆ. ಹಳೆಯ ಪೆಟ್ರೋಲಿಗೆ ಬರೆದ ಮ್ಯಾಪ್ ಇ20ಯಲ್ಲಿ ಎಂಜಿನ್ನಿಗೆ ಕಡಿಮೆ ಇಂಧನ ಉಣಿಸುತ್ತದೆ. ಬೂಸ್ಟ್ ಇರುವಾಗ ಇಂಧನ ಕಡಿಮೆಯಾದರೆ, ಹೆಚ್ಚಿದ ಆಕ್ಟೇನಿನ ಲಾಭವೆಲ್ಲ ಅಲ್ಲೇ ಕರಗಿಹೋಗುತ್ತದೆ. ಹಾಗಾಗಿ ಇಂಜೆಕ್ಷನ್ ಮ್ಯಾಪನ್ನು ತಿದ್ದಿದ ನಂತರವೇ ಅಡ್ವಾನ್ಸ್ ಮುಟ್ಟಬೇಕು. 100 ಆಕ್ಟೇನಿನ ಪೆಟ್ರೋಲಿಗೆ ಬರೆದ ಮ್ಯಾಪನ್ನು ಇಟ್ಟುಕೊಂಡು ಊರ ಬಂಕಿನಲ್ಲಿ ಸಿಕ್ಕಿದ್ದು ತುಂಬಿಸುವುದಂತೂ ಪಿಸ್ಟನ್ನಿಗೆ ನೇರ ಕುತ್ತು.

ಗಾಡಿಯವರು ಕೇಳಿದ ಎರಡು ಡಿಗ್ರಿಯನ್ನು ಕೊನೆಗೂ ಕೊಡಲಿಲ್ಲ. ಬೂಸ್ಟ್ ಮೊದಲಿನ ಆರ್‌ಪಿಎಂನಲ್ಲೇ ಬಂತು.

ಟರ್ಬೊ ಗಾಡಿ ಇಟ್ಟುಕೊಂಡವರಲ್ಲಿ ಒಂದು ವಿನಂತಿ. ಬೆಲ್ಟ್ ಬದಲಿಸಿದವರಿಂದ ಕ್ಯಾಮ್‌ಗಳ ಡಿಗ್ರಿಯನ್ನೂ, ಟೈಮಿಂಗ್ ಲೈಟಿನಲ್ಲಿ ಕಂಡ ಅಂಕಿಯನ್ನೂ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಅವೆರಡು ಅಂಕಿ ಕೈಗೆ ಸಿಗುವವರೆಗೆ ಯಾರಿಂದಲೂ ಹೊಸ ಮ್ಯಾಪ್ ಹಾಕಿಸಬೇಡಿ.